ಕಾಲು ಉಳುಕಿದ್ದಕ್ಕೆ ಖುಷಿಪಟ್ಟ ಹುಡುಗಿ

ಪ್ರತಿ ವರ್ಷ ಜನವರಿ ಬಂತು ಅಂದ್ರೆ ನನ್ನ ಹತ್ರ ಕೌನ್ಸೆಲಿಂಗ್‌ಗೆ ಈ ಥರ ಕೇಸ್ ಬಂದೇ ಬರುತ್ತೆ, ಕೊಡಗಿನ ಗೋಣಿಕೊಪ್ಪ, ಪೊನ್ನಂಪೇಟೆ, ಸೋಮವಾರಪೇಟೆ ಎಲ್ಲಾ ಕಡೆಯಿಂದ. ಹಾಕಿ ಚೆನ್ನಾಗಿ ಆಡ್ತಾಳೆ, ಸೆಕೆಂಡ್ ಪಿಯುಸಿ, ಪ್ರಿಪರೇಟರಿಲಿ ಮಾರ್ಕ್ಸ್ ಬಿದ್ದಿದೆ, ಆಟ ಬಿಡಿಸ್ಬೇಕಾ ಬೇಡ್ವಾ ಹೇಳಿ ಮೇಡಂ ಅಂತ. ಈ ಹುಡುಗಿನ ಕೇಳಿಯೇ ಬರೀತಿದ್ದೀನಿ, ಗುರುತು ಸಿಗೋ ವಿವರ ಬದಲಾಯಿಸಿದ್ದೀನಿ.

17 ವರ್ಷ, ಕಾಮರ್ಸ್, ಹಾಕಿಲಿ ಡಿಫೆನ್ಸ್ ಆಡೋ ಫುಲ್‌ಬ್ಯಾಕ್. ರಾಜ್ಯ ಜೂನಿಯರ್ ಕ್ಯಾಂಪಿಗೆ ಹೆಸರು ಬಂದಿತ್ತು. ಕಾಫಿ ಕುಯ್ಲಿನ ಟೈಮು, ಅಪ್ಪ ಅಮ್ಮ ತೋಟದ ಕೆಲಸ ಬಿಟ್ಟು ಅವಸರದಲ್ಲಿ ಬಂದಿದ್ರು. ಮೊದಲ ಎರಡು ಸಲ ಅವರೇ ಮಾತಾಡಿದ್ದು, ಇವಳು ತಲೆ ಎತ್ತಲಿಲ್ಲ.

ಮೂರನೇ ಸಲ ಒಬ್ಬಳೇ ಕುಂಟ್ಕೊಂಡು ಬಂದ್ಲು. ಬಲಗಾಲಿಗೆ ಕ್ರೇಪ್ ಬ್ಯಾಂಡೇಜು, ಬೆರಳು ಊದಿ ಚಪ್ಪಲಿ ಪಟ್ಟಿ ಒಳಗೆ ಹೋಗ್ತಾ ಇಲ್ಲ, ಹೆಗಲಲ್ಲಿ ಅದೇ ಬ್ಯಾಗು, ಶಿನ್ ಗಾರ್ಡೂ ಅಕೌಂಟೆನ್ಸಿ ಪುಸ್ತಕವೂ ಒಟ್ಟಿಗೆ ತುರುಕಿ ಪುಸ್ತಕದ ಅಂಚೆಲ್ಲಾ ಒದ್ದೆ. ಏನಾಯ್ತಮ್ಮ ಅಂದೆ. "ಟರ್ಫಲ್ಲಿ ತಿರುಗುವಾಗ ಉಳುಕ್ತು ಮೇಡಂ, ಡಾಕ್ಟ್ರು ಮೂರು ವಾರ ಆಡ್ಬೇಡ ಅಂದಿದ್ದಾರೆ" ಅಂದವಳು ನಕ್ಕಳು. ಅವಳು ನಕ್ಕಿದ್ದು ನಾನು ನೋಡಿದ್ದು ಅವತ್ತೇ ಮೊದಲು. ಆಮೇಲೆ ಬಾಗಿಲ ಕಡೆ ಒಂದ್ಸಲ ನೋಡಿ ಮೆಲ್ಲಗೆ ಹೇಳಿದ್ಲು: "ಬಿದ್ದಾಗ ನಂಗೆ ಖುಷಿ ಆಯ್ತು ಮೇಡಂ. ನಾಳೆ ಬೆಳಿಗ್ಗೆ ಏಳೋದು ಬೇಡ, ಅಷ್ಟೇ ತಲೆಗೆ ಬಂದಿದ್ದು."

ಸ್ವಲ್ಪ ಹೊತ್ತು ನಾನೂ ಮಾತಾಡಲಿಲ್ಲ. ಹಾಕಿ ಸಾಕಾಯ್ತಾ ಅಂತ ಕೇಳಿದ್ರೆ ಕಣ್ಣಲ್ಲಿ ನೀರು. "ಇಲ್ಲ ಮೇಡಂ, ಹಾಕಿ ಬೇಕು. ನಿದ್ದೆ ಬೇಕು."

ಒಂದು ಹಾಳೆ ಕೊಟ್ಟು ಒಂದು ದಿನ ಪೂರ್ತಿ ಬರಿ ಅಂದೆ. ನಾಲ್ಕೂವರೆಗೆ ಎದ್ದು ಪ್ರಾಕ್ಟೀಸು, ಕಾಲೇಜು, ಸಂಜೆ ಮತ್ತೆ ಟರ್ಫು, ಏಳಕ್ಕೆ ಟ್ಯೂಷನ್, ಭಾನುವಾರ ಕಾಲೇಜು ಟೀಮಿನ ಮ್ಯಾಚು, ಅದರ ಮೇಲೆ ಒಕ್ಕದ, ಅಂದ್ರೆ ಅವರ ಕೊಡವ ಮನೆತನದ, ಟೀಮಿನ ಪ್ರಾಕ್ಟೀಸು. ಮಲಗೋದು ಹನ್ನೊಂದು. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಇವಳಿಗೆ ಸಿಗ್ತಿದ್ದಿದ್ದು ಐದೂವರೆ. ಎರಡು ದೋಣಿ ಮೇಲೆ ಕಾಲಿಟ್ಟಿದ್ದಾಳೆ ಅಂತ ಅವರಪ್ಪ ಹೇಳ್ತಿದ್ರಲ್ಲ, ಎಣಿಸಿದ್ರೆ ದೋಣಿ ಐದಿತ್ತು. ಓದು, ರಾಜ್ಯ ಮಟ್ಟದ ಹಾಕಿ ಎರಡೂ ಅವಳು ಆರಿಸ್ಕೊಂಡಿದ್ದು, ಉಳಿದ ಮೂರು ಬೇರೆಯವರ ಖುಷಿಗೆ.

ಹಾಗಾಗಿ ಹಾಕಿನೂ ಬಿಡಬೇಡ, ಓದೂ ಬಿಡಬೇಡ, ಆ ಮೂರನ್ನ ಬಿಡು ಅಂದೆ. ಟ್ಯೂಷನ್ ನಿಲ್ಸಿ ಎಂಟೂವರೆಗೇ ಮಲಗೋದು, ಕಾಲೇಜು ಮ್ಯಾಚಿಗೂ ಒಕ್ಕದ ಟೀಮಿಗೂ ಈ ವರ್ಷ ಇಲ್ಲ ಅನ್ನೋದು. ಶೇಕಡಾ 75 ಹಾಜರಿ ಬೇಕೇ ಬೇಕು, ಅದಕ್ಕೆ ಕ್ಯಾಂಪಿನ ಪತ್ರ ಮೊದಲೇ ಪ್ರಿನ್ಸಿಪಾಲರಿಗೆ ಕೊಟ್ಟಿಡೋದು. 2024ರಿಂದ ಪಿಯುಸಿಗೆ ಪರೀಕ್ಷೆ-2 ಇದೆ, ಎರಡರಲ್ಲಿ ಯಾವ ಮಾರ್ಕ್ಸ್ ಜಾಸ್ತಿನೋ ಅದೇ ಉಳಿಯುತ್ತೆ, ಹಾಗಾಗಿ ಮಾರ್ಚಲ್ಲಿ ಅಕೌಂಟೆನ್ಸಿ, ಸ್ಟಾಟಿಸ್ಟಿಕ್ಸ್ ಪಾಸಾದ್ರೆ ಸಾಕು, ಏಪ್ರಿಲಲ್ಲಿ ಸರಿಯಾಗಿ ಕೂತು ಓದಿ ಮತ್ತೆ ಬರಿ ಅಂದೆ.

ಜಗಳ ಆಗಿದ್ದು ಇಲ್ಲೇ. ಏಪ್ರಿಲ್ ಅಂದ್ರೆ ಕೊಡವ ಕುಟುಂಬ ಹಾಕಿ, ಒಕ್ಕ ಒಕ್ಕಗಳ ನಡುವಿನ ಟೂರ್ನಮೆಂಟು. 1997ರಲ್ಲಿ ಕರಡದಲ್ಲಿ 60 ಟೀಮಿಂದ ಶುರುವಾಗಿ 2024ಕ್ಕೆ ನಾಪೋಕ್ಲುಲಿ 360 ಟೀಮ್ ಆಡಿದ ಹಬ್ಬ, ಅದರಲ್ಲಿ ಮೊಮ್ಮಗಳು ಒಕ್ಕದ ಜರ್ಸಿ ಹಾಕಲ್ಲ ಅಂದ್ರೆ ಅಜ್ಜನಿಗೆ ಹೇಗಾಗ್ಬೇಡ. ಫೋನ್ ಮಾಡಿ ಕೇಳಿದ್ರು, ನೀವು ಕೊಡಗಿನವರೇನಮ್ಮ ಅಂತ. ಹೌದು ಅಜ್ಜ, ನಾನೂ ಆ ಗ್ಯಾಲರಿಲಿ ಕೂತು ಕೂಗಿದವಳೇ, ಒಂದು ವರ್ಷ ಬಿಟ್ಕೊಡಿ ಅಂತಷ್ಟೇ ಕೇಳ್ಕೊಂಡೆ. ಕಾಲು ಉಳುಕಿದಾಗ ಅವಳಿಗೆ ಖುಷಿ ಆಗಿದ್ದು ಮಾತ್ರ ಹೇಳಲಿಲ್ಲ, ಅದು ಅವಳು ನಂಬಿ ಹೇಳಿದ ಮಾತು. ಹೇಳಿದ್ರೆ ನನ್ನ ಕೆಲಸ ಸುಲಭ ಆಗ್ತಿತ್ತು, ಆದ್ರೂ ಹೇಳದೇ ಇದ್ದಿದ್ದೇ ಸರಿ ಅಂತ ಈಗಲೂ ಅನ್ಸುತ್ತೆ.

ಕೆಲವು ಲೆಕ್ಚರರ್ಸ್ ಕೂಡ ಪಾಸಾದ್ರೆ ಸಾಕು ಅಂತ ಮಕ್ಕಳಿಗೆ ಹೇಳ್ತೀರಲ್ಲ ಅಂದ್ರು. ಏಟಾಗ್ಲಿ ಅಂತ ಕಾಯೋ ಮಗುಗೆ ನಾನು ಬೇರೆ ಏನೂ ಹೇಳ್ತಿರ್ಲಿಲ್ಲ. ಅಂಥವರು ಒಂದಿನ ಓದು, ಆಟ ಎರಡನ್ನೂ ಒಟ್ಟಿಗೇ ಬಿಟ್ಟುಬಿಡೋದನ್ನ ನಾನು ನೋಡಿದ್ದೀನಿ.

ಮೂರನೇ ವಾರ ಫೋನ್ ಬಂತು. "ಮೇಡಂ, ಡಾಕ್ಟ್ರು ಇನ್ನೂ ನಾಲ್ಕು ದಿನ ಅಂತಿದ್ದಾರೆ, ಅಲ್ಲಿವರೆಗೆ ಗೋಡೆಗೆ ಬಾಲ್ ಹೊಡೀಬಹುದಾ ಕೂತ್ಕೊಂಡೇ?" ಡಾಕ್ಟ್ರನ್ನೇ ಕೇಳಮ್ಮ ಅಂದೆ.