ಓದುಗರ ಪ್ರಶ್ನೆ: ಊರು ಬಿಡುವವರು, ಊರಿಗೆ ಬರುವವರು

ಪ್ರಶ್ನೆ: ಎರಡು ಮೂರು ಎಕರೆ ಇರುವವರೂ ಹಾಸನಕ್ಕೆ ಹೋಗಿ ಗಾರ್ಮೆಂಟ್ಸ್ ಸೇರುತ್ತಾರೆ. ಅತ್ತ ಸಕಲೇಶಪುರದ ತೋಟಗಳಿಗೆ ಅಸ್ಸಾಂನಿಂದ ಆಳು ಬರುತ್ತಾರೆ. ನಮ್ಮವರಿಗೆ ಮೈ ಬಗ್ಗುವುದಿಲ್ಲವೇ?
– ಓದುಗರು, ಅರಸೀಕೆರೆ

ಉತ್ತರ: ಹಾಗೆನ್ನುವ ಮೊದಲು ಆಲೂಗೆಡ್ಡೆಯ ಲೆಕ್ಕ ನೋಡಿ. ಎಕರೆಗೆ ಏನಿಲ್ಲವೆಂದರೂ ಆರು ಕ್ವಿಂಟಲ್ ಬಿತ್ತನೆ ಗೆಡ್ಡೆ ಬೇಕು. ಪಂಜಾಬಿನ ಜಲಂಧರ್ ಕಡೆಯಿಂದ ಬರುವ ಮಾಲು, ದುಡ್ಡು ಮೊದಲೇ ಸುರಿಯಬೇಕು. ಗಿಡ ಸೊಂಪಾಗಿರುವಾಗ ಮೋಡ ಕವಿದು ನಾಲ್ಕು ದಿನ ಸೋನೆ ಹಿಡಿದರೆ ಅಂಗಮಾರಿ ರೋಗ ಬಿತ್ತೆಂದೇ ಲೆಕ್ಕ: ಎಲೆಯಂಚಲ್ಲಿ ನೀರು ನೆನೆದಂಥ ಕಲೆ, ಅಡಿಯಲ್ಲಿ ಬಿಳಿ ಬೂಷ್ಟು, ವಾರದೊಳಗೆ ಹೊಲವೇ ಸುಟ್ಟಂತೆ. ಉಳಿಯುವುದು ಸಾಲ. ಗಾರ್ಮೆಂಟ್ಸ್ ಸಂಬಳ ದೊಡ್ಡದೇನಲ್ಲ. ಆದರೆ ತಿಂಗಳಾದರೆ ಖಾತೆಗೆ ಬೀಳುತ್ತದೆ, ಪಿಎಫ್, ಇಎಸ್‌ಐ ಇರುತ್ತದೆ. ಸಂಘದ ಸಾಲದ ಕಂತು ಕಟ್ಟುವ ಮನೆಗೆ ಅದೇ ಆಸರೆ.

ಕಾಫಿ ತೋಟದ್ದು ಬೇರೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೊಬಸ್ಟಾ ಮಾರ್ಚ್‌ವರೆಗೆ. ಕಿಲೋ ಲೆಕ್ಕದ ಕೂಲಿ ಕೈಗೆ ಹತ್ತುವುದು ಆಗ ಮಾತ್ರ. ದೂರದಿಂದ ಬಂದವರಿಗೆ ಲೈನ್ ಮನೆ (ತೋಟದ ಆಳುಗಳ ಸಾಲುಮನೆ) ಸಿಗುತ್ತದೆ, ಬಾಡಿಗೆಯಿಲ್ಲ, ಗಂಡ ಹೆಂಡತಿ ಇಬ್ಬರೂ ಹಣ್ಣು ಕುಯ್ಯುತ್ತಾರೆ, ಅವರಿಗೆ ಗಿಟ್ಟುತ್ತದೆ. ಅರಸೀಕೆರೆಯಿಂದ ದಿನಾ ಬಸ್ ಹತ್ತಿ ಬಂದರೆ ಗಿಟ್ಟದು. ಅಸ್ಸಾಂನವರೂ ಬರೀ ಕೂಲಿ ಕೇಳಿ ಬರುವವರಲ್ಲ. ಮೊದಲು ಬಂದ ಊರಿನವರ ಫೋನ್ ನಂಬಿ ರೈಲು ಹತ್ತುತ್ತಾರೆ. ಹಾಗಾಗಿಯೇ ಒಂದೊಂದು ಲೈನಿನಲ್ಲಿ ಒಂದೇ ಹಳ್ಳಿಯವರು ಸಿಗುತ್ತಾರೆ.

ಮಲೆನಾಡು ಖಾಲಿಯಾಗುವುದು ಬರೀ ಬಾಯಿಮಾತಲ್ಲ. ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2001ರಲ್ಲಿ 11.41 ಲಕ್ಷವಿದ್ದದ್ದು 2011ಕ್ಕೆ 11.38 ಲಕ್ಷಕ್ಕೆ ಇಳಿಯಿತು.

ಪ್ರಶ್ನೆ: ಲೈನಿನಲ್ಲಿರುವ ಅಸ್ಸಾಂನವರಿಗೆ ಇಲ್ಲಿ ರೇಷನ್ ಸಿಗುತ್ತದೆಯೇ? ಶಾಲೆಗೆ ಸೇರಿಸೋಣವೆಂದರೆ ಮಕ್ಕಳ ಟಿ.ಸಿ. ಇಲ್ಲ.
– ಓದುಗರು, ಸಕಲೇಶಪುರ

ಉತ್ತರ: ಸಿಗುತ್ತದೆ. ಊರಿನ ಕಾರ್ಡಿಗೆ ಆಧಾರ್ ಜೋಡಣೆಯಾಗಿದ್ದರೆ ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು, ಕಾರ್ಡ್ ಬದಲಿಸಬೇಕಿಲ್ಲ. ಒಂದಷ್ಟು ಪಾಲು ಇಲ್ಲಿ ತೆಗೆದುಕೊಂಡು ಉಳಿದದ್ದನ್ನು ಊರಿನಲ್ಲಿರುವವರಿಗೆ ಬಿಡಲೂಬಹುದು. ಕರ್ನಾಟಕ ಸರ್ಕಾರ ತನ್ನ ಕಾರ್ಡಿನವರಿಗೆ ಕೊಡುವ ಹೆಚ್ಚುವರಿ ಮಾತ್ರ ಇವರಿಗಿಲ್ಲ. ಎಡವಟ್ಟಾಗುವುದು ಹೆಬ್ಬೆಟ್ಟಿನಲ್ಲಿ. ಕೂಲಿ ಕೆಲಸದಲ್ಲಿ ಬೆರಳ ಗೆರೆ ಸವೆದಿದ್ದರೆ ಯಂತ್ರ ಒಪ್ಪುವುದಿಲ್ಲ. ಬೇರೆ ಬೆರಳು ಒತ್ತಿಸಿ ನೋಡಿ, ಆಗದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಅಪ್‌ಡೇಟ್ ಮಾಡಿಸಿ. ಕೊಯ್ಲು ಶುರುವಾಗುವ ಮುಂಚೆಯೇ ಮಾಡಿಸಿ, ಆಮೇಲೆ ಯಾರೂ ಅರ್ಧ ದಿನದ ಕೂಲಿ ಬಿಟ್ಟು ಬರುವುದಿಲ್ಲ.

ಎಂಟನೇ ತರಗತಿವರೆಗಿನ ಮಗುವನ್ನು ಟಿ.ಸಿ. ತಡವಾಯಿತೆಂದು ಶಾಲೆ ವಾಪಸ್ ಕಳಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ.