ಬಂಗಾರ ಬಣ್ಣದ ಡ್ರಿಲ್ ಬಿಟ್, 'ನ್ಯಾನೋ' ಕಸಿ ಕತ್ತರಿ: ನಿಮ್ಮ ಪ್ರಶ್ನೆಗೆ ಉತ್ತರ

ಅಣ್ಣ, ನೀವು ಕೇಳಿದ್ದು ಎರಡು. ಗೇಟಿನ ಪೈಪಿಗೆ ತೂತು ಹಾಕಲು ಗೋಣಿಕೊಪ್ಪದಿಂದ ತಂದ ಬಂಗಾರ ಬಣ್ಣದ ಬಿಟ್ಟನ್ನು ಸಾಣೆ ಹಿಡಿದರೆ ಕೋಟಿಂಗ್ ಹೋಗಿಬಿಡುತ್ತಾ? ಹಳೆ ಕಸಿ ಕತ್ತರಿಗೂ 'ನ್ಯಾನೋ' ಕೋಟಿಂಗ್ ಹಾಕಿಸಬಹುದಾ?

ಕತ್ತರಿಗೆ ಹಾಕಿಸಬೇಡಿ. ಈ ಕೋಟಿಂಗನ್ನು ಗಾಳಿ ತೆಗೆದ ಪೆಟ್ಟಿಗೆಯೊಳಗೆ, ಸಾಮಾನ್ಯವಾಗಿ 400–500 ಡಿಗ್ರಿ ಕಾವಿನಲ್ಲಿ ಕೂರಿಸುತ್ತಾರೆ. ಹೈಸ್ಪೀಡ್ ಸ್ಟೀಲಿನ ಬಿಟ್ ತಡೆಯುತ್ತದೆ, ಅದರ ಹದ ಮಾಡಿರುವುದೇ 550 ಡಿಗ್ರಿ ಹತ್ತಿರ. ಕತ್ತರಿಯ ಕಾರ್ಬನ್ ಸ್ಟೀಲ್ ಹಾಗಲ್ಲ, 200 ಡಿಗ್ರಿ ಆಸುಪಾಸಿನಲ್ಲಿ ಹದ ಮಾಡಿದ್ದು. ಆ ಕಾವಿಗೆ ಮೆತ್ತಗಾಗಿಬಿಡುತ್ತದೆ. ನಮ್ಮ ಕಾಫಿ ಕಣದಲ್ಲಿ ಜೀಪು ತಿರುಗಿಸುವ ಮೂಲೆಯಲ್ಲಿ ಕೆಳಗಿನ ಮಣ್ಣು ಕೂತಿತ್ತು. ಮೇಲಿನ ಗಾರೆ ಗಟ್ಟಿಯಾಗೇ ಇತ್ತು, ಆದರೂ ಟೈರು ಹತ್ತಿದ ಕಡೆಯೆಲ್ಲ ಹಪ್ಪಳದ ಹಾಗೆ ಒಡೆಯಿತು. ಮೆತ್ತನೆ ಉಕ್ಕಿನ ಮೇಲಿನ ಗಟ್ಟಿ ಪದರದ ಕಥೆಯೂ ಅಷ್ಟೇ.

ಪದರದ ದಪ್ಪ ಬರೀ 2–4 ಮೈಕ್ರಾನ್. ಕೂದಲಿಗಿಂತ ಎಷ್ಟೋ ತೆಳು. ಬಂಗಾರ ಬಣ್ಣದ್ದು ಸಾಮಾನ್ಯವಾಗಿ ಟೈಟಾನಿಯಂ ನೈಟ್ರೈಡ್. ಅದರ ಗಡಸು 20–25 ಗಿಗಾಪ್ಯಾಸ್ಕಲ್ (ಗಡಸು ಅಳೆಯುವ ಮಾನ, ಅಂಕಿ ಹೆಚ್ಚಾದಷ್ಟೂ ಗಟ್ಟಿ), ಬಿಟ್ಟಿನ ಉಕ್ಕಿನದು 8–9.

ನಿಜವಾದ ನ್ಯಾನೋ ಪದರ ಬೇರೆ, ನನಗೆ ತುಂಬಾ ಇಷ್ಟದ ವಿಷಯ ಇದು. ಲೋಹ ಬಗ್ಗುವುದು ಅದರ ಹರಳಿನೊಳಗೆ ಪರಮಾಣುಗಳ ಸಾಲು ಜಾರುವುದರಿಂದ. ಹರಳು ಕೆಲವೇ ನ್ಯಾನೋಮೀಟರ್ (ಒಂದು ಮೈಕ್ರಾನಿನ ಸಾವಿರದ ಒಂದು ಪಾಲು) ಇದ್ದರೆ ಒಳಗೆ ಜಾರಲು ಜಾಗವೇ ಇಲ್ಲ. ಆದರೆ ಆಗ ಹರಳುಗಳೇ ಒಂದರ ಪಕ್ಕ ಒಂದು ಜಾರತೊಡಗುತ್ತವೆ. ಅದಕ್ಕೆ ನಡುವೆ ಸಿಲಿಕಾನ್ ನೈಟ್ರೈಡಿನ ಗಾರೆ ಹಿಡಿಸುತ್ತಾರೆ, ಅದಕ್ಕೆ ಹರಳಿನ ಕ್ರಮ ಇರುವುದಿಲ್ಲ. ಈ ಗಾರೆ ಹೆಚ್ಚುಕಮ್ಮಿ ಒಂದೇ ಪರಮಾಣುಸಾಲಿನಷ್ಟು ತೆಳು ಇರಬೇಕು. ದಪ್ಪವಾದರೆ ಗಡಸು ಇಳಿಯುತ್ತದೆ. ಇಟ್ಟಿಗೆಗಿಂತ ಗಾರೆ ಜಾಸ್ತಿಯಾದ ಗೋಡೆ ನಿಲ್ಲುತ್ತದಾ ಹೇಳಿ? 1995ರಲ್ಲಿ ಮ್ಯೂನಿಕ್‌ನ ವಿಜ್ಞಾನಿ ಸ್ಟಾನ್ ವೆಪ್ರೆಕ್ ಮತ್ತು ಜೊತೆಗಾರರು ಈ ದಾರಿ ತೋರಿಸಿದರು. 40 ಗಿಗಾಪ್ಯಾಸ್ಕಲ್ ದಾಟಿದರೆ ಅದನ್ನು ಅತಿಗಡಸು ಅನ್ನುತ್ತಾರೆ. ಆಮೇಲೆ ಅವರು ವಜ್ರಕ್ಕೆ ಸರಿಸಾಟಿ ಅಂತ ಹೇಳಿದ ಅಂಕಿಗಳು ಬೇರೆ ಲ್ಯಾಬುಗಳಲ್ಲಿ ಹಾಗೇ ಬರಲಿಲ್ಲ. ಸ್ವಲ್ಪ ಆಕ್ಸಿಜನ್ ಸೇರಿದರೂ ಪದರ ಕೆಡುತ್ತದೆ ಅಂತ ಅವರು ವಾದಿಸಿದರು. ಅಳೆಯುವುದೂ ಸುಲಭವಲ್ಲ. ವಜ್ರದ ಮೊನೆಯನ್ನು ಪದರದ ಹತ್ತನೇ ಒಂದು ಪಾಲಿಗಿಂತ ಆಳಕ್ಕೆ ಒತ್ತಿದರೆ ಕೆಳಗಿನ ಉಕ್ಕಿನ ಗಡಸೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಹಾಗಾಗಿ ಮನೆಯಲ್ಲಿ ಅರದಿಂದ ಉಜ್ಜಿ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಈ ಸಿಲಿಕಾನ್ ಸೇರಿದ ಪದರ ಸಾಮಾನ್ಯವಾಗಿ ತಾಮ್ರ-ಕಂಚಿನ ಬಣ್ಣಕ್ಕೆ ಬರುತ್ತದೆ. ಹಳದಿ ಬಂಗಾರ ಬಣ್ಣ ಇಟ್ಟು 'ನ್ಯಾನೋ' ಅಂತ ಬರೆದಿದ್ದರೆ ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ಈಗ ನಿಮ್ಮ ಬಿಟ್. ಸಾಣೆ ಹಿಡಿದರೆ ತುದಿಯಲ್ಲಿ ಮಾತ್ರ ಬಣ್ಣ ಹೋಗುತ್ತದೆ. ಸುರುಳಿ ಕಾಲುವೆಯೊಳಗೆ ಪದರ ಉಳಿಯುತ್ತದೆ, ಕೊರೆದ ಲೋಹದ ಚೂರುಗಳು ಉಜ್ಜಿಕೊಂಡು ಹೊರಬರುವುದು ಅಲ್ಲೇ. ಹಾಗಾಗಿ ಸ್ವಲ್ಪ ಲಾಭ ಇದ್ದೇ ಇದೆ, ಧೈರ್ಯವಾಗಿ ಸಾಣೆ ಹಿಡಿಯಿರಿ. ನಡುನಡುವೆ ನೀರಿಗೆ ಅದ್ದಬೇಡಿ, ನಿಧಾನವಾಗಿ ಹಿಡಿದರೆ ಸಾಕು. ತೂತು ಹಾಕುವಾಗ 10 ಎಂಎಂ ಬಿಟ್ಟಿಗೆ 800 ಆರ್‌ಪಿಎಂ ಆಸುಪಾಸು ಇಡಿ, ಎಣ್ಣೆ ಬಿಡುತ್ತಿರಿ. ಕತ್ತರಿಗೆ ಓರೆ ಇರುವ ಬದಿಗೆ ಮಾತ್ರ ಕಲ್ಲು ಹಿಡಿದು, ಅಂಟು ಒರೆಸಿ ಎಣ್ಣೆ ಸವರಿಡಿ. ಬಿಟ್ಟಿನ ತುದಿಯ ಒಂದು ಹತ್ತಿರದ ಫೋಟೋ ಹಾಕಿ, ಕೋನ ಸರಿ ಇದೆಯಾ ನೋಡಿ ಹೇಳುತ್ತೇನೆ.