ಕಾಫಿಯಲ್ಲಿ ಮಾತ್ರೆ ಬೆರೆಸಬಹುದೇ?

ಪ್ರಶ್ನೆ: ಮಗನಿಗೆ 26 ವರ್ಷ. ಬೈಪೋಲಾರ್‌ಗೆ (ಅತಿ ಹುಮ್ಮಸ್ಸಿನ ಉನ್ಮಾದ, ಖಿನ್ನತೆ ಎರಡೂ ಬಂದು ಹೋಗುವ ಕಾಯಿಲೆ) ಲಿಥಿಯಂ ಬರೆದಿದ್ದಾರೆ, ನುಂಗುವುದಿಲ್ಲವೆಂದು ಹಟ. ಗೊತ್ತಾಗದ ಹಾಗೆ ಕಾಫಿಯಲ್ಲಿ ಬೆರೆಸಬಹುದೇ? ಡಾಕ್ಟರು ನಮ್ಮನ್ನೂ ಕೌನ್ಸೆಲಿಂಗಿಗೆ ಕರೆಯುತ್ತಾರೆ. ಕಾಯಿಲೆ ಅವನಿಗೆ, ನಾವೇಕೆ? (ತಾಯಿ, ಗೋಣಿಕೊಪ್ಪ)

ಉತ್ತರ: ಬೆರೆಸಬೇಡಿ ಅಮ್ಮಾ. ಎಷ್ಟು ಸಲ ಬರೆಯಲಿ ಇದನ್ನು? ರಕ್ತದಲ್ಲಿ ಲಿಥಿಯಂ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್‌ನೊಳಗಿರಬೇಕು, ಮೇಲೇರಿದರೆ ವಿಷ. ಅರ್ಧ ಲೋಟ ಕುಡಿದಿಟ್ಟರೆ ಒಳಗೆ ಹೋದದ್ದೆಷ್ಟು? ವಾಂತಿಭೇದಿಯಾದಾಗಲೂ, ಬೆನ್ನುನೋವಿಗೆ ಡೈಕ್ಲೋಫೆನಾಕ್ ನುಂಗಿದಾಗಲೂ ಮಟ್ಟ ಏರಬಹುದು. ಲಿಥಿಯಂ ತನ್ನ ಹೊಟ್ಟೆಯಲ್ಲಿರುವುದೇ ತಿಳಿಯದವನು ಮೆಡಿಕಲ್‌ನವರಿಗೆ ಏನು ಹೇಳಿಯಾನು? ಒಂದು ದಿನ ಗೊತ್ತಾಯಿತೆಂದರೆ ನೀವು ಬಡಿಸಿದ ಕಡಂಬುಟ್ಟನ್ನೂ ಅನುಮಾನಿಸುತ್ತಾನೆ.

ಇನ್ನು, ನೀವೇಕೆ ಬರಬೇಕು? ಉನ್ಮಾದ ಏರುವಾಗ ಅವನಿಗೆ ಕಾಯಿಲೆ ಅನ್ನಿಸುವುದೇ ಇಲ್ಲ, ಹಿಂದೆಂದೂ ಇಷ್ಟು ಚೆನ್ನಾಗಿರಲಿಲ್ಲ ಅನ್ನಿಸುತ್ತದೆ. ಮೂರು ತಾಸು ಮಲಗಿ ದಣಿವಿಲ್ಲದೆ ಎದ್ದದ್ದು, ಯಾರನ್ನೂ ಕೇಳದೆ ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರಕ್ಕೆ ಮುಂಗಡ ಕೊಟ್ಟು ಬಂದದ್ದು ಮನೆಯವರ ಕಣ್ಣಿಗೇ ಮೊದಲು ಬೀಳುವುದು. ಯಾವ ಲಕ್ಷಣಕ್ಕೆ ಯಾರಿಗೆ ಫೋನು, ಎಟಿಎಂ ಕಾರ್ಡು ಯಾರ ಕೈಗೆ ಎಂದು ಅವನು ನೆಟ್ಟಗಿರುವಾಗ ಅವನೊಂದಿಗೇ ಕೂತು ಬರೆದಿಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮಿಕ್ಲೋವಿಟ್ಸ್ ರೂಪಿಸಿದ ಕುಟುಂಬ ಚಿಕಿತ್ಸೆಯಲ್ಲಿ 9 ತಿಂಗಳಿಗೆ 21 ಭೇಟಿ. ಅದರಲ್ಲಿ ದೊಡ್ಡ ಪಾಲು ಮನೆಯವರು ಮಾತಾಡುವುದನ್ನು ಕಲಿಯುವುದಕ್ಕೇ ಹೋಗುತ್ತದೆ. 'ಒಕ್ಕದ (ಮನೆತನದ) ಮಾನ ಕಳೆದೆ' ಎಂದು ಊಟಕ್ಕೆ ಕೂತಾಗ ಚುಚ್ಚುವ ಮನೆಗಳಲ್ಲಿ ಕಾಯಿಲೆ ಹೆಚ್ಚು ಮರುಕಳಿಸುತ್ತದೆ. ಹಾಗೆಂದು ಅವನು ನಕ್ಕಾಗಲೆಲ್ಲ 'ಮಾತ್ರೆ ತಗೊಂಡ್ಯಾ?' ಅನ್ನಬೇಡಿ. ಹುತ್ತರಿ, ಮದುವೆ ಎಂದು ರಾತ್ರಿಯಿಡೀ ಎಬ್ಬಿಸಿಟ್ಟು ಕೈಗೆ ಗ್ಲಾಸು ಕೊಡುವ ಮಾವಂದಿರನ್ನು ತಡೆಯುವುದೂ ನಿಮ್ಮ ಪಾಲಿನ ಚಿಕಿತ್ಸೆಯೇ. ನಿದ್ದೆಗೆಟ್ಟರೆ ಉನ್ಮಾದ ಕೆರಳುತ್ತದೆ.

ಕೋವಿಯ ವಿಷಯ ಎತ್ತಿದರೆ ನಮ್ಮ ಕೊಡಗು ಜಿಲ್ಲೆಯಲ್ಲಿ ಮುಖ ಗಂಟಿಕ್ಕುತ್ತಾರೆ. ಆದರೂ ಕೇಳುತ್ತೇನೆ, ಎಲ್ಲಿಟ್ಟಿದ್ದೀರಿ? ಖಿನ್ನತೆಯ ದಿನಗಳಲ್ಲಿ ಕೋವಿ, ತೋಟೆ ಎರಡೂ ಮನೆಯಲ್ಲಿರಕೂಡದು. ಠಾಣೆಯಲ್ಲಿ ವಿಚಾರಿಸಿ ಠೇವಣಿ ಇಡಿ. ಕೈಲ್ ಮುಹೂರ್ತ ಹಬ್ಬದ ಕೋವಿ ಪೂಜೆಗೆ ಏನು ಮಾಡೋಣ ಎನ್ನುವವರಿಗೆ ನನ್ನಲ್ಲಿ ತಾಳ್ಮೆಯಿಲ್ಲ. ಅವನು ಸಾಯುವ ಮಾತೆತ್ತಿದರೆ ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆತನ್ನಿ. 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ನಡುರಾತ್ರಿಯೂ ಕನ್ನಡದಲ್ಲಿ ಮಾತಾಡುತ್ತಾರೆ.

ಪ್ರಶ್ನೆ: ಮದುವೆ ಮಾಡಿಸಿದರೆ ಸರಿಹೋದೀತೇ? (ಸೋಮವಾರಪೇಟೆ)

ಉತ್ತರ: ಇಲ್ಲ. ಹೆಣ್ಣಿನ ಕಡೆಯವರಿಗೆ ಮುಚ್ಚಿಟ್ಟು ಮಾಡಿಸಿದರೆ ಮೋಸ.

ಪ್ರಶ್ನೆ: ಲಿಥಿಯಂನಿಂದ ಕಿಡ್ನಿ ಹೋಗುತ್ತದಂತೆ. ಬೇರಿನ ಪುಡಿ ಕೊಡುವವರೊಬ್ಬರು ಅದನ್ನು ಇವತ್ತೇ ನಿಲ್ಲಿಸಿ ಎಂದಿದ್ದಾರೆ. (ಕುಶಾಲನಗರ)

ಉತ್ತರ: ಆರು ತಿಂಗಳಿಗೊಮ್ಮೆ ಕಿಡ್ನಿ, ಥೈರಾಯ್ಡ್ ಪರೀಕ್ಷೆ ಬರೆದುಕೊಡುವುದು ಆ ಭಯ ವೈದ್ಯರಾದ ನಮಗೂ ಇರುವುದರಿಂದಲೇ. ತಟ್ಟನೆ ನಿಲ್ಲಿಸಿದರೆ ಉನ್ಮಾದ ತಿರುಗಿ ಬರುವ ಅಪಾಯ ಹೆಚ್ಚು. ಆಗ ಪುಡಿಯವರು ಫೋನ್ ಎತ್ತುವುದಿಲ್ಲ.